ಹೊಸ ಲಿಕ್ವಿಡ್ ಕೂಲರ್, ಎರಡೇ ಸೆಕೆಂಡಿನಲ್ಲಿ 100 ಡಿಗ್ರಿ: ಒಂದು ಪ್ರಕರಣ ಅಧ್ಯಯನ

ವಿಡಿಯೊ ಎಡಿಟಿಂಗಿಗೆ ಬಳಸುವ ಡೆಸ್ಕ್‌ಟಾಪ್. ಇಂಟೆಲ್ ಕೋರ್ ಐ7-13700ಕೆ ಪ್ರೊಸೆಸರ್, ಝಡ್690 ಮದರ್‌ಬೋರ್ಡ್, 850 ವ್ಯಾಟಿನ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ), ಮುಂದೆ ಮೂರು ಮತ್ತು ಹಿಂದೆ ಒಂದು ಫ್ಯಾನ್ ಇರುವ ಕ್ಯಾಬಿನೆಟ್. ಅದರಲ್ಲಿದ್ದ 240 ಮಿ.ಮೀ. ಲಿಕ್ವಿಡ್ ಕೂಲರಿನ ಪಂಪು ಬೆಳಗ್ಗೆ ಆನ್ ಮಾಡಿದ ಕೂಡಲೇ ಕಿರುಗುಟ್ಟತೊಡಗಿತ್ತು. ಪಂಪು ಪೂರ್ತಿ ಕೈಕೊಡುವ ಮೊದಲೇ ಬದಲಿಸುವುದು ಒಳ್ಳೆಯದೆಂದು ಮಾಲೀಕರು 360 ಮಿ.ಮೀ.ನ ಹೊಸ ಕೂಲರ್ ತಂದು ಕ್ಯಾಬಿನೆಟ್ಟಿನ ಮೇಲ್ಭಾಗಕ್ಕೆ ಕೂರಿಸಿದರು. ಶಾಖವನ್ನು ಗಾಳಿಗೆ ಬಿಡುವ ರೇಡಿಯೇಟರ್ ಒಂದೂವರೆ ಪಟ್ಟು ದೊಡ್ಡದಾದ ಮೇಲೆ ತಾಪಮಾನ ಇಳಿಯಬೇಕಿತ್ತು. ಅದು ಏರಿತು.

ಹಳೆಯ ಕೂಲರ್ ಇದ್ದಾಗ, ಕೋಣೆಯ ಉಷ್ಣತೆ 28 ಡಿಗ್ರಿ ಇರುವಾಗ, ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಡುವ ಸಿನಿಬೆಂಚ್ ಆರ್23 ಪರೀಕ್ಷೆ ಹತ್ತು ನಿಮಿಷ ಓಡಿದರೂ ಪ್ರೊಸೆಸರ್ 83 ಡಿಗ್ರಿ ದಾಟುತ್ತಿರಲಿಲ್ಲ. ಸುಮ್ಮನಿದ್ದಾಗ 36. ಹೊಸ ಕೂಲರ್ ಬಂದ ಮೇಲೆ ಸುಮ್ಮನಿದ್ದಾಗಲೇ 46. ಪರೀಕ್ಷೆ ಶುರುಮಾಡಿದರೆ ಎರಡು ಸೆಕೆಂಡಿನೊಳಗೆ 100. ಮುಖ್ಯ ಕೋರುಗಳ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳ) ವೇಗ 5.3 ಗಿಗಾಹರ್ಟ್ಸ್‌ನಿಂದ 4.5ರ ಆಸುಪಾಸಿಗೆ ಕುಸಿಯುತ್ತಿತ್ತು.

ಇಲ್ಲಿ 100 ಎಂಬ ಅಂಕಿಯ ಬಗ್ಗೆ ಒಂದು ಮಾತು. 13700ಕೆ ಪ್ರೊಸೆಸರಿಗೆ ಇಂಟೆಲ್ ಇಟ್ಟಿರುವ ಗರಿಷ್ಠ ಮಿತಿಯೇ 100 ಡಿಗ್ರಿ. ಅಲ್ಲಿಗೆ ಮುಟ್ಟಿದ ಕೂಡಲೇ ಪ್ರೊಸೆಸರ್ ತನ್ನ ವೇಗವನ್ನೂ ವೋಲ್ಟೇಜನ್ನೂ ತಾನೇ ಇಳಿಸಿಕೊಂಡು ಆ ಗೆರೆಯ ಮೇಲೆ ನಿಲ್ಲುತ್ತದೆ. ತೊಂದರೆ ಸಣ್ಣದಿದ್ದರೂ 100, ದೊಡ್ಡದಿದ್ದರೂ 100. ಹೀಗಾಗಿ ‘100 ಡಿಗ್ರಿ ಬರುತ್ತಿದೆ’ ಎಂಬ ದೂರಿನಿಂದ ಏನೂ ತಿಳಿಯುವುದಿಲ್ಲ. ಎಷ್ಟು ವ್ಯಾಟಿಗೆ 100 ಬಂತು, ಎಷ್ಟು ಹೊತ್ತಿನಲ್ಲಿ ಬಂತು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆಯೇ ರೋಗದ ಜಾಡು ಹತ್ತುವುದು.

ಅಷ್ಟರಲ್ಲಿ ಮಾಲೀಕರು ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟನ್ನು ಎರಡು ಸಲ ಬದಲಿಸಿದ್ದರು, ಕ್ಯಾಬಿನೆಟ್ಟಿನ ಪಕ್ಕದ ಗಾಜು ತೆಗೆದು ನೋಡಿದ್ದರು, ಪಂಪಿನ ವಯರನ್ನು ಮದರ್‌ಬೋರ್ಡಿನ ಬೇರೆ ಹೆಡರಿಗೆ (ವಯರು ಸಿಕ್ಕಿಸುವ ಪಿನ್ನುಗಳಿಗೆ) ಹಾಕಿದ್ದರು, ಬಯೋಸಿನಲ್ಲಿ, ಅಂದರೆ ಮದರ್‌ಬೋರ್ಡಿನದೇ ಮೂಲ ತಂತ್ರಾಂಶದಲ್ಲಿ, ಎಲ್ಲ ಫ್ಯಾನುಗಳನ್ನೂ ಪೂರ್ಣ ವೇಗಕ್ಕೆ ಕಟ್ಟಿಹಾಕಿದ್ದರು. ಯಾವುದರಿಂದಲೂ ಎರಡು ಡಿಗ್ರಿಯೂ ಆಚೀಚೆ ಆಗಲಿಲ್ಲ. ಕೊನೆಯ ಉಪಾಯವನ್ನು ಓದುಗರು ನೆನಪಿನಲ್ಲಿಡಬೇಕು. ಫ್ಯಾನುಗಳ ಪೂರ್ಣ ವೇಗ ಇನ್ನೊಂದು ದೋಷವನ್ನು ಮುಚ್ಚಿಟ್ಟಿತ್ತು.

ಏರಿಕೆಯ ವೇಗವೇ ಗುರುತು

ಲಿಕ್ವಿಡ್ ಕೂಲರಿನಲ್ಲಿ ಶಾಖ ಮೂರು ಹಂತ ದಾಟಬೇಕು. ಮೊದಲು ಪ್ರೊಸೆಸರಿನ ಲೋಹದ ಮುಚ್ಚಳದಿಂದ ಪೇಸ್ಟಿನ ಮೂಲಕ ಕೂಲರಿನ ತಾಮ್ರದ ತಳಕ್ಕೆ. ಆಮೇಲೆ ತಾಮ್ರದಿಂದ ಹರಿಯುವ ದ್ರವಕ್ಕೆ. ಕಡೆಗೆ ದ್ರವದಿಂದ ರೇಡಿಯೇಟರಿನ ರೆಕ್ಕೆಗಳ ಮೂಲಕ ಗಾಳಿಗೆ. ಯಾವ ಹಂತದಲ್ಲಿ ತಡೆಯಿದೆಯೋ ಅದರ ಹಿಂದಿರುವ ವಸ್ತು ಬಿಸಿಯಾಗುತ್ತದೆ. ಒಂದೊಂದು ವಸ್ತು ಬಿಸಿಯಾಗಲು ಹಿಡಿಯುವ ಹೊತ್ತು ಒಂದೊಂದು ಬಗೆ. ಗಡಿಯಾರ ನೋಡಿಯೇ ತಡೆ ಎಲ್ಲಿದೆಯೆಂದು ಹೇಳಬಹುದು.

ಪ್ರೊಸೆಸರಿನ ಮುಚ್ಚಳದಡಿಯ ಚಿಪ್ಪು (ಚಿಪ್) ಉಗುರಿನಗಲದ ಸಿಲಿಕಾನ್ ಚೂರು. ಅದಕ್ಕೆ ಶಾಖ ಹಿಡಿದಿಡುವ ಶಕ್ತಿ ತೀರಾ ಕಡಿಮೆ. ಮೊದಲ ಹಂತದಲ್ಲಿ, ಅಂದರೆ ಪ್ರೊಸೆಸರ್ ಮತ್ತು ತಾಮ್ರದ ನಡುವೆ ತಡೆಯಿದ್ದರೆ ಏರಿಕೆ ಒಂದೆರಡು ಸೆಕೆಂಡಿನ ಕೆಲಸ. ಕೆಲಸ ನಿಲ್ಲಿಸಿದರೆ ಇಳಿಕೆಯೂ ಅಷ್ಟೇ ಬೇಗ.

ಪಂಪು ನಿಂತಿದ್ದರೆ ತಾಮ್ರದ ತಳವೂ ಅದರೊಳಗಿನ ಒಂದಿಷ್ಟು ದ್ರವವೂ ಕಾಯಬೇಕು. 150 ಗ್ರಾಂ ತಾಮ್ರ ಎಂದಿಟ್ಟುಕೊಳ್ಳಿ. ತಾಮ್ರದ ಒಂದು ಕಿಲೋಗ್ರಾಂ ಒಂದು ಡಿಗ್ರಿ ಬಿಸಿಯಾಗಲು 385 ಜೂಲ್ ಬೇಕು, ಹಾಗಾಗಿ 150 ಗ್ರಾಮಿಗೆ ಸುಮಾರು 58 ಜೂಲ್. 200 ವ್ಯಾಟ್ ಸುರಿದರೆ ಸೆಕೆಂಡಿಗೆ ಮೂರೂವರೆ ಡಿಗ್ರಿಯಂತೆ ಏರಿ, ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿತಿ ಮುಟ್ಟುತ್ತದೆ. ಕೆಲಸ ನಿಲ್ಲಿಸಿದ ಮೇಲೂ ತಾಪ ತಕ್ಷಣ ಇಳಿಯುವುದಿಲ್ಲ, ಕಾದ ತಾಮ್ರ ಹಾಗೇ ಕುಳಿತಿರುತ್ತದೆ.

ರೇಡಿಯೇಟರ್ ಅಥವಾ ಫ್ಯಾನಿನಲ್ಲಿ ತೊಂದರೆಯಿದ್ದರೆ ಇಡೀ ವ್ಯವಸ್ಥೆಯ ದ್ರವ ಕಾಯಬೇಕು. 300 ಮಿ.ಲೀ. ನೀರೆಂದು ಲೆಕ್ಕ ಹಾಕಿದರೂ ಒಂದು ಡಿಗ್ರಿಗೆ 1250 ಜೂಲ್, ಅಂದರೆ 200 ವ್ಯಾಟಿಗೆ ಆರು ಸೆಕೆಂಡಿಗೊಂದು ಡಿಗ್ರಿ. ಜೊತೆಗೆ ರೇಡಿಯೇಟರಿನ ಲೋಹವಿದೆ, ಒಂದಿಷ್ಟು ಶಾಖ ಹೊರಗೂ ಹೋಗುತ್ತಿರುತ್ತದೆ. ಬಚ್ಚಲಿನ ಹಂಡೆಯ ನೀರು ಕಾದಂತೆ ನಿಧಾನವಾಗಿ ಏರಿ, ಹತ್ತು ಹದಿನೈದು ನಿಮಿಷಕ್ಕೆ ಒಂದು ಕಡೆ ನಿಲ್ಲುತ್ತದೆ.

ಎರಡು ಸೆಕೆಂಡು, ಇಪ್ಪತ್ತು ಸೆಕೆಂಡು, ಹದಿನೈದು ನಿಮಿಷ. ಸಂಪರ್ಕ, ಪಂಪು, ರೇಡಿಯೇಟರ್. ಕೂಲರ್ ಬಿಚ್ಚುವ ಮೊದಲು ಈ ಮೂರರಲ್ಲಿ ಯಾವುದೆಂದು ತಿಳಿದುಕೊಳ್ಳದೆ ಪೇಸ್ಟ್ ಕೊಳವೆ ಖಾಲಿ ಮಾಡುವುದು ವ್ಯರ್ಥ.

ಇದನ್ನು ನೋಡಲು ಎಚ್‌ಡಬ್ಲ್ಯುಇನ್ಫೊ64 ತಂತ್ರಾಂಶ ಸಾಕು. ಅದು ಸಾಮಾನ್ಯವಾಗಿ 2 ಸೆಕೆಂಡಿಗೊಮ್ಮೆ ಓದುತ್ತದೆ. ಎರಡು ಸೆಕೆಂಡಿನೊಳಗಿನ ಏರಿಕೆಯನ್ನು ಆ ಅಂತರದಲ್ಲಿ ಹಿಡಿಯಲಾಗದು, ಆದ್ದರಿಂದ ಸೆಟ್ಟಿಂಗಿನಲ್ಲಿ 500 ಮಿಲಿಸೆಕೆಂಡ್ ಮಾಡಿಕೊಳ್ಳಬೇಕು. ಪ್ಯಾಕೇಜ್ ತಾಪ, ಪ್ಯಾಕೇಜ್ ಪವರ್, ಪಂಪಿನ ವೇಗ, ರೇಡಿಯೇಟರ್ ಫ್ಯಾನಿನ ವೇಗ, ದ್ರವದ ತಾಪ ಇವಿಷ್ಟನ್ನೂ ಫೈಲಿಗೆ ದಾಖಲಿಸಿ. ದ್ರವದ ತಾಪ ಎಲ್ಲ ಕೂಲರುಗಳಲ್ಲೂ ಸಿಗುವುದಿಲ್ಲ. ಈ ಹೊಸ ಕೂಲರಿನಲ್ಲಿ ಸಂವೇದಕವಿತ್ತು, ಅರ್ಧ ಕೆಲಸ ಅದರಿಂದಲೇ ಹಗುರಾಯಿತು.

ದಾಖಲೆ ಹೇಳಿದ್ದು

ಫ್ಯಾನುಗಳು ಪೂರ್ಣ ವೇಗದಲ್ಲಿದ್ದಾಗ ತೆಗೆದ ದಾಖಲೆ ಇದು. ಪರೀಕ್ಷೆ ಶುರುವಾದಾಗ 253 ವ್ಯಾಟ್. ಎರಡು ಸೆಕೆಂಡಿನೊಳಗೆ 100 ಡಿಗ್ರಿ. ಅಲ್ಲಿಂದ ಪವರ್ ಜಾರಿ 165 ವ್ಯಾಟಿನಲ್ಲಿ ನಿಂತಿತು. ಪಂಪು ನಿಮಿಷಕ್ಕೆ 2800 ಸುತ್ತು. ದ್ರವ 31ರಿಂದ ಹೊರಟು ಹತ್ತು ನಿಮಿಷದ ಕೊನೆಗೆ 36. ಪರೀಕ್ಷೆ ನಿಲ್ಲಿಸಿದ ಎರಡನೇ ಸೆಕೆಂಡಿಗೆ ಪ್ರೊಸೆಸರ್ 50ಕ್ಕೆ ಬಿತ್ತು.

ಪ್ರೊಸೆಸರ್ 100, ಅದರ ನೆತ್ತಿಯ ಮೇಲೆ ಹರಿಯುವ ದ್ರವ 36. ನಡುವಿನ ಅಂತರ 64 ಡಿಗ್ರಿ. ಇದನ್ನು 165 ವ್ಯಾಟಿನಿಂದ ಭಾಗಿಸಿದರೆ ವ್ಯಾಟೊಂದಕ್ಕೆ 0.39 ಡಿಗ್ರಿ. ಸರಿಯಾಗಿ ಕೂತ ಕೂಲರಿದ್ದರೆ ಈ ಪ್ರೊಸೆಸರಿನಲ್ಲಿ ಅದು 0.2ರ ಹತ್ತಿರ ಇರಬೇಕು. ಅಂದರೆ ಚಿಪ್ಪಿಗೂ ದ್ರವಕ್ಕೂ ನಡುವೆ ತಡೆ ಹತ್ತಿರಹತ್ತಿರ ಇಮ್ಮಡಿಯಾಗಿದೆ. ರೇಡಿಯೇಟರ್ ತಣ್ಣಗೆ ಕುಳಿತಿದೆ, ಕೆಲಸ ಮಾಡಲು ಅದಕ್ಕೆ ಶಾಖವೇ ತಲುಪುತ್ತಿಲ್ಲ. ಒಲೆಯ ಮೇಲೆ ತಳ ಊರದ ಪಾತ್ರೆಯ ಸ್ಥಿತಿ. ಅದಕ್ಕೇ ಫ್ಯಾನ್ ಜೋರು ಮಾಡಿದರೂ ಏನೂ ಆಗಲಿಲ್ಲ.

ಪಂಪಿನ ಮೇಲೆ ಅನುಮಾನ ಉಳಿಯಬಾರದೆಂದು ಎರಡು ಕೊಳವೆಗಳನ್ನೂ ಮುಟ್ಟಿ ನೋಡಲಾಯಿತು. ಎರಡೂ ಒಂದೇ ಹದದ ಬೆಚ್ಚಗೆ. ನಿಮಿಷಕ್ಕೆ ಒಂದು ಲೀಟರ್ ಹರಿಯುತ್ತಿದ್ದರೆ 200 ವ್ಯಾಟಿಗೆ ಕೊಳವೆಗಳ ನಡುವೆ ಮೂರು ಡಿಗ್ರಿಯೂ ವ್ಯತ್ಯಾಸ ಬರುವುದಿಲ್ಲ. ಒಂದು ಕೊಳವೆ ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ಮಾತ್ರ ಹರಿವು ನಿಂತಿದೆ ಎಂದು ತಿಳಿಯಬೇಕು. ‘ಎರಡೂ ಕೊಳವೆ ಒಂದೇ ಥರ ಇವೆ, ರೇಡಿಯೇಟರ್ ಕೆಲಸ ಮಾಡುತ್ತಿಲ್ಲ’ ಎಂಬ ತಪ್ಪು ತೀರ್ಮಾನ ಬಹಳ ಕಡೆ ಕೇಳಿಬರುತ್ತದೆ. ಒಂದೇ ಥರ ಇರುವುದೇ ಆರೋಗ್ಯದ ಲಕ್ಷಣ. ಮಾನಿಟರಿನಲ್ಲಿ ಕಾಣುವ ಸುತ್ತಿನ ಸಂಖ್ಯೆ ಮೋಟಾರ್ ತಿರುಗುತ್ತಿದೆ ಎಂದಷ್ಟೇ ಹೇಳುತ್ತದೆ, ದ್ರವ ಹರಿಯುತ್ತಿದೆ ಎಂದಲ್ಲ. ಕೈ ಮುಟ್ಟಿ ನೋಡಬೇಕಾದ್ದು ಅದಕ್ಕೇ.

ಪಂಪಿನೊಳಗೆ ಗಾಳಿ ಸಿಕ್ಕಿಕೊಂಡಿದೆಯೇ ಎಂಬುದನ್ನೂ ನೋಡಿ ಬಿಡಲಾಯಿತು. ರೇಡಿಯೇಟರ್ ಕ್ಯಾಬಿನೆಟ್ಟಿನ ನೆತ್ತಿಯಲ್ಲಿದ್ದುದರಿಂದ ಗಾಳಿಯ ಗುಳ್ಳೆ ಮೇಲೆ ಹೋಗಿ ರೇಡಿಯೇಟರಿನ ಕೊನೆಯ ತೊಟ್ಟಿಯಲ್ಲಿ ಕೂರುತ್ತದೆ. ಪಂಪು ಇಡೀ ವ್ಯವಸ್ಥೆಯ ಅತಿ ಎತ್ತರದ ಜಾಗದಲ್ಲಿದ್ದಾಗ ಮಾತ್ರ ಗಾಳಿ ಅಲ್ಲಿ ಸೇರಿಕೊಂಡು ಗುಳುಗುಳು ಸದ್ದು ಮಾಡುತ್ತದೆ.

253 ಎಲ್ಲಿಂದ ಬಂತು

ಹಳೆಯ 83 ಡಿಗ್ರಿಯ ದಾಖಲೆಯಲ್ಲಿ ಪವರ್ 190 ವ್ಯಾಟ್ ಇತ್ತು. ಹೊಸದರಲ್ಲಿ 253ರಿಂದ ಶುರು. ಕೂಲರ್ ಬದಲಿಸಿದ ದಿನವೇ ಮಾಲೀಕರು ಬಯೋಸನ್ನೂ ಅಪ್‌ಡೇಟ್ ಮಾಡಿದ್ದರು, ಮಾಡಬೇಕಾದ್ದೇ ಆಗಿತ್ತು. ಇಂಟೆಲಿನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಹೆಚ್ಚಿನ ವೋಲ್ಟೇಜಿನಿಂದ ಅಸ್ಥಿರತೆ ಕಾಣಿಸಿಕೊಂಡು, 2024ರ ಆಗಸ್ಟಿನಲ್ಲಿ 0ಎಕ್ಸ್129, ಸೆಪ್ಟೆಂಬರಿನಲ್ಲಿ 0ಎಕ್ಸ್12ಬಿ ಎಂಬ ಮೈಕ್ರೊಕೋಡ್ (ಪ್ರೊಸೆಸರಿನೊಳಗಿನ ಸೂಚನೆಗಳ) ತಿದ್ದುಪಡಿಗಳು ಬಂದವು. ಅವು ನಮ್ಮ ಕೈಗೆ ಸಿಗುವುದು ಮುಖ್ಯವಾಗಿ ಮದರ್‌ಬೋರ್ಡಿನ ಬಯೋಸ್ ಮೂಲಕ. ಈ ತಲೆಮಾರಿನ ಪ್ರೊಸೆಸರ್ ಇರುವವರು ಇದನ್ನು ಮುಂದೂಡಲೇಬಾರದು.

ಆದರೆ ಅಪ್‌ಡೇಟ್ ಆದಾಗ ಬಯೋಸಿನಲ್ಲಿ ಉಳಿಸಿದ್ದ ಸೆಟ್ಟಿಂಗುಗಳೆಲ್ಲ ಅಳಿಸಿಹೋದವು. ಮೊದಲು ಕೈಯಾರೆ ಇಟ್ಟಿದ್ದ 190 ವ್ಯಾಟಿನ ಮಿತಿ ಹೋಗಿ, ದೀರ್ಘಾವಧಿ ಮತ್ತು ಅಲ್ಪಾವಧಿ ಎರಡೂ ಮಿತಿಗಳು 253 ಆದವು. ಈ ಪ್ರೊಸೆಸರಿಗೆ ಇಂಟೆಲ್ ಹೇಳುವ ಗರಿಷ್ಠ ಟರ್ಬೊ ಪವರ್ ಅದೇ. ದೋಷವಲ್ಲ, ಆದರೆ ಶಾಖ ಮೂರನೆಯ ಒಂದರಷ್ಟು ಹೆಚ್ಚಾಯಿತು. ಹಳೆಯ ಕೂಲರಿನ 190 ವ್ಯಾಟಿನ ತಾಪವನ್ನು ಹೊಸ ಕೂಲರಿನ 253 ವ್ಯಾಟಿನ ತಾಪದೊಂದಿಗೆ ಹೋಲಿಸಿ ‘ಹೊಸದು ಕೆಟ್ಟಿದೆ’ ಎನ್ನಲಾಗದು.

ಅದಕ್ಕೇ ಬಯೋಸಿನಲ್ಲಿ ಎರಡೂ ಮಿತಿಗಳನ್ನು 190ಕ್ಕೆ ಇಳಿಸಿ ಮತ್ತೆ ಅದೇ ಪರೀಕ್ಷೆ ಓಡಿಸಲಾಯಿತು. ಈಗಲೂ ಕ್ಷಣದಲ್ಲಿ 100, ಈಗಲೂ ಪವರ್ 165ಕ್ಕೆ ಕುಸಿತ. ಈ ಕೂಲರ್ ಹೀಗೆ ಕೂತಿರುವಾಗ ದಾಟಿಸಬಲ್ಲ ಶಾಖವೇ 165 ವ್ಯಾಟ್, ಮಿತಿ 190 ಇದ್ದರೂ 253 ಇದ್ದರೂ ಅಷ್ಟೇ. ಪವರ್ ಮಿತಿ ಹೋಲಿಕೆಯನ್ನು ಕೆಡಿಸಿತ್ತು, ಆದರೆ ಮೂಲ ಕಾರಣ ಅದಲ್ಲ. ಮುಂದಿನ ಎಲ್ಲ ಪರೀಕ್ಷೆಗಳೂ 190 ವ್ಯಾಟಿಗೇ ನಡೆದವು.

ಬಿಚ್ಚಿದಾಗ

ಬಿಚ್ಚುವ ಮೊದಲು ಪಂಪಿನ ತಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ ನೋಡಿದಾಗ ಅದು ಎಡಬಲಕ್ಕೆ ಕೊಂಚ ಅಲುಗಿತು. ನಾಲ್ಕೂ ಮೂಲೆಯ ತಿರುಪುಗಳು ಪೂರ್ತಿ ಬಿಗಿಯಾಗಿದ್ದವು, ಆದರೂ ತಲೆ ಅಲುಗುತ್ತಿತ್ತು. ಸರಿಯಾಗಿ ಒತ್ತಿಕೊಂಡ ಕೂಲರ್ ಬೆರಳಿನ ಬಲಕ್ಕೆ ಜಗ್ಗುವುದಿಲ್ಲ. ತಿರುಪು ಬಿಗಿಯಾಗಿದೆ ಎಂದರೆ ಕೂಲರ್ ಪ್ರೊಸೆಸರನ್ನು ಒತ್ತುತ್ತಿದೆ ಎಂದು ಅರ್ಥವಲ್ಲ. ತಿರುಪು ತನ್ನ ಓಟದ ಕೊನೆ ಮುಟ್ಟಿ ಅಲ್ಲೇ ಬಿಗಿಯಾಗಿರಬಹುದು.

ಬಿಚ್ಚುವ ಕ್ರಮ ಹೀಗಿತ್ತು. ಐದು ನಿಮಿಷ ಕೆಲಸ ಕೊಟ್ಟು ಪೇಸ್ಟನ್ನು ಬೆಚ್ಚಗೆ ಮಾಡಿ, ಶಟ್‌ಡೌನ್ ಮಾಡಿ, ಎಸ್‌ಎಂಪಿಎಸ್‌ನ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ನನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಹೊರಬಿಡಬೇಕು. ಆಮೇಲೆ ತಿರುಪುಗಳನ್ನು ಮೂಲೆಯಿಂದ ಎದುರು ಮೂಲೆಗೆ ಒಂದೊಂದು ಸುತ್ತಿನಂತೆ ಸಡಿಲಿಸುವುದು. ತಲೆಯನ್ನು ನೇರ ಮೇಲಕ್ಕೆ ಕೀಳದೆ ಮೊದಲು ಎಡಬಲಕ್ಕೆ ಹೊರಳಿಸಿ ಬಿಡಿಸಿಕೊಳ್ಳಬೇಕು. ಎಎಂಡಿಯ ಎಎಂ4 ಸಾಕೆಟ್ಟಿನ (ಪ್ರೊಸೆಸರ್ ಕೂರುವ ಗೂಡಿನ) ರೈಜನ್ ಪ್ರೊಸೆಸರ್ ಇದ್ದವರಿಗೆ ಈ ಹೊರಳಿಸುವ ಹೆಜ್ಜೆ ಇನ್ನೂ ಮುಖ್ಯ. ಅಲ್ಲಿ ಪ್ರೊಸೆಸರನ್ನು ಅದುಮಿ ಹಿಡಿಯುವ ಚೌಕಟ್ಟಿಲ್ಲ, ಗಟ್ಟಿಯಾದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತು ಬಂದು ಪಿನ್ನುಗಳು ಬಾಗುತ್ತವೆ.

ತಳದಲ್ಲಿ ಪ್ಲಾಸ್ಟಿಕ್ ಹಾಳೆ ಉಳಿದಿರಲಿಲ್ಲ. (ಇದು ಹಾಸ್ಯದ ಮಾತಲ್ಲ. ಹೊಸ ಕೂಲರಿನ ತಾಮ್ರಕ್ಕೆ ಅಂಟಿಸಿದ ತೆಳು ಪಾರದರ್ಶಕ ಹಾಳೆ ಕಣ್ಣಿಗೆ ಬೀಳದೆ ಉಳಿಯುವುದು ತೀರಾ ಸಾಮಾನ್ಯ, ಅದರ ಲಕ್ಷಣವೂ ಇದೇ ಎರಡು ಸೆಕೆಂಡಿನ ಏರಿಕೆ.) ಪೇಸ್ಟಿನ ಗುರುತು ಮಾತ್ರ ಎಲ್ಲವನ್ನೂ ಹೇಳುತ್ತಿತ್ತು. ಒತ್ತಡ ಸರಿಯಿದ್ದರೆ ನಡುಭಾಗದಲ್ಲಿ ಪೇಸ್ಟ್ ಬಹುತೇಕ ಪಾರದರ್ಶಕವಾಗುವಷ್ಟು ತೆಳುವಾಗಿ, ಹೆಚ್ಚಾದದ್ದು ಅಂಚಿಗೆ ಸರಿದಿರುತ್ತದೆ. ಇಲ್ಲಿ ನಡುವೆ ಬೆಣ್ಣೆ ಸವರಿದಂತೆ ದಪ್ಪನೆ ಪದರ, ಎರಡು ಮೂಲೆಗಳಿಗೆ ಪೇಸ್ಟ್ ಮುಟ್ಟಿಯೇ ಇರಲಿಲ್ಲ. ಎರಡು ಸಲ ಪೇಸ್ಟ್ ಬದಲಿಸಿದರೂ ಫಲ ಸಿಗದಿದ್ದುದು ಇದರಿಂದಲೇ. ಪೇಸ್ಟ್ ಇರುವುದು ಎರಡು ಲೋಹಗಳ ನಡುವಿನ ಸೂಕ್ಷ್ಮ ಸಂದುಗಳ ಗಾಳಿಯನ್ನು ಹೊರದೂಡಲು. ತಾಮ್ರದ ಶಾಖವಾಹಕತೆ (ಮೀಟರಿಗೆ, ಡಿಗ್ರಿಗೆ ಇಷ್ಟು ವ್ಯಾಟ್ ಎಂಬ ಲೆಕ್ಕದಲ್ಲಿ) 400ರ ಹತ್ತಿರ, ಗಾಳಿಯದ್ದು 0.026. ಪೇಸ್ಟುಗಳದ್ದು ಸಾಮಾನ್ಯವಾಗಿ ಹತ್ತರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಗಾಳಿಗೆ ಹೋಲಿಸಿದರೆ ಪೇಸ್ಟ್ ಎಷ್ಟೋ ಮೇಲು, ತಾಮ್ರಕ್ಕೆ ಹೋಲಿಸಿದರೆ ಅದೇ ಒಂದು ಗೋಡೆ. ತೆಳುವಾಗಿದ್ದಷ್ಟೂ ಒಳ್ಳೆಯದು.

ಒತ್ತಡ ಏಕೆ ಸಿಗಲಿಲ್ಲ? ಕೂಲರಿನ ಪೆಟ್ಟಿಗೆಯಲ್ಲಿ ಸ್ಟ್ಯಾಂಡ್‌ಆಫುಗಳ, ಅಂದರೆ ಬೋರ್ಡಿನ ಮೇಲೆ ಕೂಲರನ್ನು ತಕ್ಕ ಎತ್ತರದಲ್ಲಿ ಹಿಡಿಯುವ ಲೋಹದ ಗೂಟಗಳ, ಎರಡು ಪೊಟ್ಟಣಗಳಿದ್ದವು. ಒಂದು ಎಲ್‌ಜಿಎ1200 ಮತ್ತು ಅದಕ್ಕೂ ಹಿಂದಿನ 115ಎಕ್ಸ್ ಸಾಕೆಟ್ಟುಗಳಿಗೆ, ಇನ್ನೊಂದು ಈ ಯಂತ್ರದಲ್ಲಿರುವ ಎಲ್‌ಜಿಎ1700 ಸಾಕೆಟ್ಟಿಗೆ. 1700 ಸಾಕೆಟ್ಟಿನಲ್ಲಿ ಬೋರ್ಡಿನ ತೂತುಗಳ ಅಂತರ 75ರಿಂದ 78 ಮಿ.ಮೀ.ಗೆ ಹೆಚ್ಚಿತು. ಇದು ಬಹಳ ಜನರಿಗೆ ಗೊತ್ತು, ತೂತು ಕೂಡದಿದ್ದರೆ ಕಣ್ಣಿಗೇ ಕಾಣುತ್ತದೆ. ಕಾಣದಿರುವ ಇನ್ನೊಂದು ಬದಲಾವಣೆ ಎತ್ತರದ್ದು. ಬೋರ್ಡಿನಿಂದ ಪ್ರೊಸೆಸರ್ ಮುಚ್ಚಳದ ತುದಿಯವರೆಗಿನ ಎತ್ತರ 1200ಕ್ಕಿಂತ 1700ರಲ್ಲಿ ಹತ್ತಿರಹತ್ತಿರ ಮುಕ್ಕಾಲು ಮಿ.ಮೀ. ಕಡಿಮೆ. ಈ ಕೂಲರಿನ ಬ್ಯಾಕ್‌ಪ್ಲೇಟಿನಲ್ಲಿ (ಬೋರ್ಡಿನ ಹಿಂಬದಿಯ ಫಲಕದಲ್ಲಿ) ಎರಡೂ ಅಂತರಕ್ಕೆ ಹೊಂದುವ ಉದ್ದನೆಯ ಸೀಳು ಇದ್ದು, ಎರಡೂ ಪೊಟ್ಟಣಗಳ ಸ್ಟ್ಯಾಂಡ್‌ಆಫುಗಳ ತಿರುಪಿನ ಥ್ರೆಡ್ ಒಂದೇ ಅಳತೆಯದ್ದಾಗಿತ್ತು. ಹೀಗಾಗಿ 1200ರ ಸ್ಟ್ಯಾಂಡ್‌ಆಫುಗಳು ಯಾವ ತಕರಾರೂ ಇಲ್ಲದೆ 1700ರ ಬೋರ್ಡಿನಲ್ಲಿ ಕೂತುಬಿಟ್ಟವು. ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದರೆ ಎರಡರ ನಡುವೆ 0.8 ಮಿ.ಮೀ. ವ್ಯತ್ಯಾಸ. ತಿರುಪಿನ ಸ್ಪ್ರಿಂಗು ಅದರಲ್ಲಿ ಒಂದಷ್ಟನ್ನು ನುಂಗಿತ್ತು, ಉಳಿದುದನ್ನು ದಪ್ಪ ಪೇಸ್ಟ್ ತುಂಬಿತ್ತು. ಸ್ಪ್ರಿಂಗು ಸಂಪೂರ್ಣ ಸೋತಿದ್ದರೆ ಕಂಪ್ಯೂಟರ್ ಬೂಟ್ ಆಗುವಾಗಲೇ ನಿಲ್ಲುತ್ತಿತ್ತು, ಆಗ ಕಾರಣ ಮೊದಲ ದಿನವೇ ಸಿಕ್ಕಿಬಿಡುತ್ತಿತ್ತು.

ಕ್ಯಾಲಿಪರ್ ಇಲ್ಲದವರು ಎರಡೂ ಸ್ಟ್ಯಾಂಡ್‌ಆಫನ್ನು ಗಾಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ ಮೇಲೊಂದು ಸ್ಕೇಲ್ ಇಟ್ಟರೂ ಸಾಕು, ಓರೆ ಕಾಣುತ್ತದೆ.

ಮರುಜೋಡಣೆ

ಪ್ರೊಸೆಸರ್ ಮುಚ್ಚಳ ಮತ್ತು ತಾಮ್ರದ ತಳ ಎರಡನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ಎಳೆ ಬಿಡದ ಬಟ್ಟೆಯಿಂದ ಒರೆಸಬೇಕು. ಕನ್ನಡಕ ಒರೆಸುವ ಬಟ್ಟೆ ಚೆನ್ನಾಗಿ ಕೆಲಸ ಮಾಡುತ್ತದೆ. ಹತ್ತಿಯ ಎಳೆ ಉಳಿದುಕೊಳ್ಳುವುದರಿಂದ ಹತ್ತಿ ಬೇಡ. ಹಳೆಯ ಪೇಸ್ಟಿನ ಮೇಲೆ ಹೊಸದನ್ನು ಹಚ್ಚುವುದೂ ಬೇಡ. ಕಾರ್ಖಾನೆಯಲ್ಲೇ ಪೇಸ್ಟ್ ಹಚ್ಚಿ ಬಂದ ಕೂಲರನ್ನೂ ಒಮ್ಮೆ ಕೂರಿಸಿ ಎತ್ತಿದ ಮೇಲೆ ಆ ಪೇಸ್ಟ್ ಮುಗಿದಂತೆಯೇ, ಒರೆಸಿ ಹೊಸದು ಹಚ್ಚಲೇಬೇಕು.

ಪೇಸ್ಟ್ ಎಷ್ಟು? ಮುಚ್ಚಳದ ವಿಸ್ತೀರ್ಣ ಒಂದು ಸಾವಿರ ಚದರ ಮಿ.ಮೀ.ಯ ಆಸುಪಾಸು. 0.1 ಮಿ.ಮೀ. ದಪ್ಪಕ್ಕೆ 0.1 ಮಿ.ಲೀ. ಸಾಕು, ಅಂಚಿಗೆ ಹೊರಬರುವುದನ್ನೂ ಸೇರಿಸಿ 0.2 ಮಿ.ಲೀ. 1700 ಪ್ರೊಸೆಸರ್ ಚೌಕವಲ್ಲ, ಉದ್ದ. ನಡುವೆ ಒಂದೇ ಬೊಟ್ಟು ಇಟ್ಟರೆ ಉದ್ದದ ತುದಿಗಳಿಗೆ ಹರಡದೆ ಹೋಗಬಹುದು, ಹಾಗಾಗಿ ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತಿನಂತೆ ತೆಳುವಾಗಿ ಎಳೆಯುವುದು ಮೇಲು. ಒಂದು ಕಾಳಿನಷ್ಟು ಹೆಚ್ಚಾದರೂ ಕೆಡುಕಿಲ್ಲ, ಒತ್ತಡ ಸರಿಯಿದ್ದರೆ ಹೊರಗೆ ಹೋಗುತ್ತದೆ. ಕಡಿಮೆಯಾದರೆ ಮಾತ್ರ ತೊಂದರೆ.

1700ರ ಸ್ಟ್ಯಾಂಡ್‌ಆಫುಗಳನ್ನು ಹಾಕಿ, ತಲೆಯನ್ನು ನೇರವಾಗಿ ಇಳಿಸಿ, ನಾಲ್ಕೂ ತಿರುಪುಗಳನ್ನು ಬೆರಳಿನಿಂದ ಎರಡೆರಡು ಸುತ್ತು ಹಿಡಿಸಿದ ಮೇಲೆ ಸ್ಕ್ರೂಡ್ರೈವರ್ ಹಿಡಿಯಬೇಕು. ಎದುರು ಮೂಲೆಗಳಲ್ಲಿ ಅರ್ಧರ್ಧ ಸುತ್ತು. ಒಂದು ಮೂಲೆಯನ್ನೇ ಮೊದಲು ಪೂರ್ತಿ ಬಿಗಿದರೆ ತಲೆ ಓರೆಯಾಗಿ ಪೇಸ್ಟ್ ಒಂದು ಬದಿಗೆ ಸರಿಯುತ್ತದೆ, ಮತ್ತೆ ನೆಟ್ಟಗಾದರೂ ಆ ಬದಿಯಲ್ಲಿ ಗಾಳಿ ಉಳಿಯುತ್ತದೆ. ಬಿಗಿದ ಮೇಲೆ ಬೆರಳಿನಿಂದ ಹೊರಳಿಸಿ ನೋಡಿದಾಗ ತಲೆ ಕದಲಲಿಲ್ಲ.

ಸುಮ್ಮನಿದ್ದಾಗ 37. ಪರೀಕ್ಷೆಯ ಮೊದಲ ಸೆಕೆಂಡುಗಳಲ್ಲಿ 71, ಒಂದು ನಿಮಿಷಕ್ಕೆ 76. ಪವರ್ 190ರಲ್ಲಿ ಗಟ್ಟಿಯಾಗಿ ನಿಂತಿತು. ಇಲ್ಲಿಗೆ ಮುಗಿಯಿತೆಂದು ಮಾಲೀಕರು ಪೂರ್ಣ ವೇಗಕ್ಕೆ ಕಟ್ಟಿದ್ದ ಫ್ಯಾನುಗಳನ್ನು ಸ್ವಯಂಚಾಲಿತ ಸ್ಥಿತಿಗೆ ತಂದು ವಿಡಿಯೊ ರೆಂಡರಿಂಗಿಗೆ (ಎಡಿಟ್ ಮಾಡಿದ ವಿಡಿಯೊವನ್ನು ಅಂತಿಮ ಫೈಲಾಗಿಸುವ ಕೆಲಸಕ್ಕೆ) ಬಿಟ್ಟರು.

ಹದಿನೈದು ನಿಮಿಷಕ್ಕೆ 92 ಡಿಗ್ರಿ.

ಎರಡನೆಯ ದೋಷ

ಈ ಸಲದ ಏರಿಕೆಯ ರೂಪವೇ ಬೇರೆ. ಶುರುವಿನಲ್ಲಿ 71, ಅಲ್ಲಿಂದ ನಿಧಾನವಾಗಿ, ಒಂದೇ ಸಮನೆ ಮೇಲಕ್ಕೆ. ದ್ರವದ ತಾಪವೂ ಅದರ ಜೊತೆಜೊತೆಗೇ 31ರಿಂದ 52ಕ್ಕೆ ಏರಿತ್ತು. ಪ್ರೊಸೆಸರಿಗೂ ದ್ರವಕ್ಕೂ ಇರುವ ಅಂತರ ಆದಿಯಿಂದ ಅಂತ್ಯದವರೆಗೆ 40 ಡಿಗ್ರಿ, ಅಂದರೆ ವ್ಯಾಟೊಂದಕ್ಕೆ 0.21. ಸಂಪರ್ಕ ಸರಿಯಾಗಿದೆ. ಈಗ ಶಾಖ ದ್ರವಕ್ಕೆ ಬರುತ್ತಿದೆ, ಅಲ್ಲಿಂದ ಗಾಳಿಗೆ ಹೋಗುತ್ತಿಲ್ಲ. ಈ ಘಟ್ಟದಲ್ಲಿ ಮತ್ತೆ ಕೂಲರ್ ಬಿಚ್ಚಿ ಪೇಸ್ಟ್ ನೋಡಲು ಹೊರಟರೆ ಇಡೀ ದಿನ ಹಾಳಾಗುತ್ತಿತ್ತು. ದ್ರವದ ತಾಪ ಅಲ್ಲಿಗೇ ನಿಲ್ಲದೆ 60ರತ್ತ ಹೋದರೆ ಅದು ಬರಿಯ ವೇಗದ ಪ್ರಶ್ನೆಯೂ ಅಲ್ಲ. ಈ ಬಗೆಯ ಕೂಲರುಗಳ ಪಂಪು ಮತ್ತು ಕೊಳವೆಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ ಅದೇ 60 ಡಿಗ್ರಿ.

ರೇಡಿಯೇಟರಿನ ಫ್ಯಾನುಗಳು ನಿಮಿಷಕ್ಕೆ 650 ಸುತ್ತಿನಲ್ಲಿ ಸೋಮಾರಿಯಾಗಿ ತಿರುಗುತ್ತಿದ್ದವು. ಮೂರೂ ಫ್ಯಾನುಗಳನ್ನು ಒಂದಕ್ಕೊಂದು ಸರಪಳಿಯಂತೆ ಜೋಡಿಸಿ ಬೋರ್ಡಿನ ಕ್ಯಾಬಿನೆಟ್ ಫ್ಯಾನ್ ಹೆಡರಿಗೆ ಹಾಕಲಾಗಿತ್ತು. ಬಯೋಸ್ ಅಪ್‌ಡೇಟಿನ ನಂತರ ಆ ಹೆಡರ್ ಯಾವ ತಾಪವನ್ನು ನೋಡಿ ವೇಗ ತೀರ್ಮಾನಿಸಬೇಕು ಎಂಬ ಸೆಟ್ಟಿಂಗು ಮೂಲಸ್ಥಿತಿಗೆ, ಅಂದರೆ ಮದರ್‌ಬೋರ್ಡ್ ಸಂವೇದಕಕ್ಕೆ ಹೋಗಿತ್ತು. ಪ್ರೊಸೆಸರ್ 92 ಇದ್ದರೂ ಮದರ್‌ಬೋರ್ಡ್ 38 ಡಿಗ್ರಿ ತೋರಿಸುತ್ತಿತ್ತು. 38ಕ್ಕೆ ಫ್ಯಾನ್ ಓಡುವ ಅಗತ್ಯವಿಲ್ಲವೆಂದು ಹೆಡರ್ ತನ್ನ ಕೆಲಸವನ್ನು ನಿಯತ್ತಾಗಿಯೇ ಮಾಡುತ್ತಿತ್ತು. ಮೊದಲು ಮಾಲೀಕರು ಎಲ್ಲ ಫ್ಯಾನುಗಳನ್ನೂ ಪೂರ್ಣ ವೇಗಕ್ಕೆ ಇಟ್ಟಾಗ ಈ ದೋಷ ಕಣ್ಮರೆಯಾಗಿತ್ತು, ಹಾಗೆಂದು ಹೋಗಿರಲಿಲ್ಲ.

ಸರಿಪಡಿಸಿದ್ದು ಹೀಗೆ. ಕೂಲರಿನ ಜೊತೆ ಬಂದ ತಂತ್ರಾಂಶದಲ್ಲಿ ರೇಡಿಯೇಟರ್ ಫ್ಯಾನುಗಳನ್ನು ದ್ರವದ ತಾಪಕ್ಕೆ ಕಟ್ಟಿ, ಸರಪಳಿಯನ್ನು ಬೋರ್ಡಿನ ಹೆಡರಿನಿಂದ ಕೂಲರಿನದೇ ನಿಯಂತ್ರಕಕ್ಕೆ ಬದಲಿಸಲಾಯಿತು. ದ್ರವ 32ರವರೆಗೆ ಶೇ. 40, 38ಕ್ಕೆ ಶೇ. 70, 42ಕ್ಕೆ ಶೇ. 100. ದ್ರವದ ತಾಪ ನಿಧಾನವಾಗಿ ಬದಲಾಗುವುದರಿಂದ ಫ್ಯಾನಿನ ಸದ್ದೂ ನಿಧಾನವಾಗಿ ಏರಿಳಿಯುತ್ತದೆ, ಒಂದು ಬ್ರೌಸರ್ ಟ್ಯಾಬ್ ತೆರೆದ ಮಾತ್ರಕ್ಕೆ ಭೋರ್ಗರೆಯುವುದಿಲ್ಲ. ದ್ರವದ ಸಂವೇದಕ ಇಲ್ಲದ ಕೂಲರಿನಲ್ಲಿ ಫ್ಯಾನುಗಳನ್ನು ಸಿಪಿಯು ಫ್ಯಾನ್ ಹೆಡರಿಗೆ ಹಾಕಿ, ಬಯೋಸಿನಲ್ಲಿ ವೇಗ ಬದಲಾವಣೆಗೆ ಕೆಲವು ಸೆಕೆಂಡಿನ ವಿಳಂಬ ಕೊಟ್ಟರೆ ಹತ್ತಿರಹತ್ತಿರ ಅದೇ ಫಲ ಸಿಗುತ್ತದೆ. ಪಂಪನ್ನು ಮಾತ್ರ ಯಾವ ತಾಪಕ್ಕೂ ಕಟ್ಟದೆ ಪೂರ್ಣ ವೇಗಕ್ಕೆ ಬಿಡುವುದೇ ಕ್ಷೇಮ. ಸದ್ದು ಕಿರಿಕಿರಿಯಾದರೆ ಶೇ. 80ರವರೆಗೆ ಇಳಿಸಬಹುದು.

ಆಮೇಲಿನ ಲೆಕ್ಕ

ಕೋಣೆ 28, ಪವರ್ 190, ಅರ್ಧ ಗಂಟೆಯ ರೆಂಡರಿಂಗ್. ದ್ರವ 38, ಪ್ರೊಸೆಸರ್ 78. ಮಿತಿಯನ್ನು 253ಕ್ಕೆ ಏರಿಸಿದರೆ ದ್ರವ 41, ಪ್ರೊಸೆಸರ್ 94. ಈ ಯಂತ್ರದ ರೆಂಡರಿಂಗಿನಲ್ಲಿ 253 ವ್ಯಾಟಿನಿಂದ ಸಿಕ್ಕ ಹೆಚ್ಚುವರಿ ವೇಗ ಶೇ. 7ರಷ್ಟು. ಅಷ್ಟಕ್ಕೆ ಮೂರನೆಯ ಒಂದರಷ್ಟು ಹೆಚ್ಚು ಶಾಖ ತೆರುವುದು ತಕ್ಕ ಬೆಲೆಯಲ್ಲ, ಅದಕ್ಕೇ 190ನ್ನೇ ಉಳಿಸಿಕೊಳ್ಳಲಾಯಿತು.

ಇನ್ನೂ ಒಂದು ಕಾರಣವಿದೆ. ಕೋಣೆಯ ತಾಪ ಹೆಚ್ಚಾದಷ್ಟೂ ದ್ರವದ್ದೂ ಪ್ರೊಸೆಸರಿನದೂ ಅಷ್ಟೇ ಹೆಚ್ಚಾಗುತ್ತವೆ, ಡಿಗ್ರಿಗೆ ಡಿಗ್ರಿ. ಬೆಂಗಳೂರಿನ 28 ಡಿಗ್ರಿಯ ಕೋಣೆಯಲ್ಲಿ 94 ತೋರಿಸುವ ಯಂತ್ರ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಮೇ ತಿಂಗಳ 40 ಡಿಗ್ರಿಯಲ್ಲಿ ಎ.ಸಿ. ಇಲ್ಲದೆ 100 ಮುಟ್ಟಿ ವೇಗ ಇಳಿಸುತ್ತದೆ. 190 ವ್ಯಾಟಿಗೆ ಕಟ್ಟಿಟ್ಟದ್ದು ಅದೇ ಬಿಸಿಲಿಗೆ 90ರಲ್ಲಿ ನಿಲ್ಲುತ್ತದೆ. ಹೊರದೇಶದ ವಿಮರ್ಶೆಗಳಲ್ಲಿ ಕಾಣುವ ತಾಪಮಾನವನ್ನು ನಮ್ಮದಕ್ಕೆ ಹೋಲಿಸುವಾಗ ಅವರು ಅಳೆದ ಕೋಣೆಯ ತಾಪ ಎಷ್ಟೆಂದು ಮೊದಲು ನೋಡಬೇಕು.

ಹಳೆಯ 240 ಮಿ.ಮೀ. ಕೂಲರ್ ಇದೇ 190 ವ್ಯಾಟಿಗೆ 83 ಕೊಡುತ್ತಿತ್ತು. ಅರ್ಧದಷ್ಟು ಹೆಚ್ಚು ರೇಡಿಯೇಟರ್ ಹಾಕಿ ಗಳಿಸಿದ್ದು ಬರಿಯ 5 ಡಿಗ್ರಿ. ಇದು ಕೂಲರಿನ ಕೊರತೆಯಲ್ಲ. ಕೋಣೆಯ 28ರಿಂದ ಪ್ರೊಸೆಸರಿನ 78ರವರೆಗಿನ 50 ಡಿಗ್ರಿಯಲ್ಲಿ ರೇಡಿಯೇಟರಿನ ಪಾಲು 10 ಮಾತ್ರ. ಉಳಿದ 40 ಡಿಗ್ರಿ ಇರುವುದು ಚಿಪ್ಪಿಗೂ ದ್ರವಕ್ಕೂ ನಡುವಿನ ಕೆಲವೇ ಮಿಲಿಮೀಟರುಗಳಲ್ಲಿ. ಅದನ್ನು ರೇಡಿಯೇಟರ್ ಎಷ್ಟೇ ದೊಡ್ಡದು ಮಾಡಿದರೂ ಮುಟ್ಟಲಾಗದು, ಅಲ್ಲಿ 0.8 ಮಿ.ಮೀ. ತಪ್ಪಿದರೆ ಮೂರು ಫ್ಯಾನು ಸೇರಿಯೂ ಉಳಿಸಲಾರವು.

ಎರಡು ವಾರದ ನಂತರದ ದಾಖಲೆಯಲ್ಲೂ ವ್ಯಾಟೊಂದಕ್ಕೆ 0.21 ಹಾಗೇ ಇತ್ತು. ಉಳಿದದ್ದು ಒಂದೇ: ಅತಿ ಬಿಸಿಯ ಕೋರಿಗೂ ಅತಿ ತಣ್ಣನೆಯದಕ್ಕೂ 8 ಡಿಗ್ರಿ ಅಂತರ. 1700 ಸಾಕೆಟ್ಟಿನ ಚೌಕಟ್ಟು ಪ್ರೊಸೆಸರನ್ನು ಉದ್ದನೆಯ ಎರಡು ಬದಿಗಳ ನಡುವಲ್ಲಿ ಮಾತ್ರ ಅದುಮುವುದರಿಂದ ಮುಚ್ಚಳ ತುಸು ಬಾಗುತ್ತದೆ. ಅದರ ಬದಲಿಗೆ ಸುತ್ತಲೂ ಸಮನಾಗಿ ಒತ್ತುವ ಕಾಂಟ್ಯಾಕ್ಟ್ ಫ್ರೇಮ್ ಹಾಕಿದರೆ ಕೆಲವು ಡಿಗ್ರಿ ಇಳಿಯಬಹುದಿತ್ತು. ಅದಕ್ಕೆ ಸಾಕೆಟ್ಟಿನ ಚೌಕಟ್ಟನ್ನೇ ಬಿಚ್ಚಬೇಕು, ಹೆಚ್ಚು ಬಿಗಿದರೆ ಕಂಪ್ಯೂಟರಿಗೆ ಮೆಮೊರಿ (ರ್‍ಯಾಮ್) ಕಾಣಿಸದ ತೊಂದರೆಯೂ ಎದುರಾಗಬಹುದು. 78 ಡಿಗ್ರಿಯಲ್ಲಿ ನೆಮ್ಮದಿಯಾಗಿರುವ ಯಂತ್ರಕ್ಕೆ ಅದು ಬೇಡವೆಂದು ಬಿಡಲಾಯಿತು. 1200ರ ಸ್ಟ್ಯಾಂಡ್‌ಆಫುಗಳು ಈಗ ಬೇರೆ ಪೊಟ್ಟಣದಲ್ಲಿ, ಮೇಲೆ ಮಾರ್ಕರಿನಲ್ಲಿ ಸಾಕೆಟ್ ಸಂಖ್ಯೆ ಬರೆಸಿಕೊಂಡು, ಕೂಲರಿನ ಪೆಟ್ಟಿಗೆಯಲ್ಲಿವೆ.